ಕನಿಷ್ಠ ಮೊತ್ತ

ಕಪನೂರಿನ ಬೇಳೆ ಮಿಲ್ಲಿನ ಮೇಲಂತಸ್ತು.
ಕೆಳಗೆ ತೊಗರಿ ಒಡೆಯುವ ಸದ್ದು.
ಮೇಲೆ ನಾನು, ಒಂದು ಟೇಬಲ್ ಫ್ಯಾನು,
ಕೀಬೋರ್ಡಿನ ಸಂದಿಗೆಲ್ಲ ಹಳದಿ ಹೊಟ್ಟಿನ ಪುಡಿ.

ಕೆಲಸ ಏನೆಂದರೆ,
ಹಣದ ವ್ಯವಹಾರ ಸೋಸಿ ಕೊಡುವ ಒಂದು ಸಲಕರಣೆ ಇದೆ.
ಬಳಸುವವರು ಮನುಷ್ಯರಲ್ಲ, ಏಜೆಂಟುಗಳು:
ಚಹಾ ಕುಡಿಯದ, ರಜೆ ಕೇಳದ,
ಅಕ್ಕಾ ಇದರ ಅರ್ಥ ಏನ್ರೀ ಅಂತ
ತಿರುಗಿ ಒಂದು ಮಾತೂ ಆಡದ ಗುಮಾಸ್ತರು.
ಅವಕ್ಕೆ ತಿಳಿಯುವ ಹಾಗೆ ಬರಿ, ಅಂದಿದ್ದ ವೈಜನಾಥ.
ನೀನು ಬರೆದಷ್ಟೇ ಅವಕ್ಕೆ ಗೊತ್ತು.

ಬರೆದೆ.
ಯಾವಾಗಿನಿಂದ: ಆ ದಿನವೂ ಸೇರಿ.
ಯಾವಾಗಿನ ತನಕ: ಆ ದಿನ ಸೇರದೆ.
ಇಷ್ಟಕ್ಕೇ ಅರ್ಧ ದಿನ ಹೋಯಿತು.
ಶುಕ್ರವಾರದ ತನಕ ಅಂದರೆ ಶುಕ್ರವಾರ ಒಳಗೋ ಹೊರಗೋ,
ಗಂಜಿನಲ್ಲಿ ಇದಕ್ಕೇ ಜಗಳವಾಗಿ
ಎರಡು ಅಡತಿ ಅಂಗಡಿಗಳ ನಡುವೆ ಈಗಲೂ ಮಾತಿಲ್ಲವಂತೆ.
ಪಾರ್ಟಿ: ಪೂರ್ತಿ ಹೆಸರು, ಇಲ್ಲವೇ ಹೆಸರಿನ ತುಂಡು.
ತುಂಡು ಕೊಟ್ಟರೆ ಎಚ್ಚರ,
ಪಾಟೀಲ ಅಂತ ಕೇಳಿದರೆ ಅರ್ಧ ಜಿಲ್ಲೆ ಎದ್ದು ಬರುತ್ತದೆ.

ಖಾಲಿ ಪಟ್ಟಿ ಬಂದರೆ ಏನು ಹೇಳಬೇಕು?
ಇದು ತಿಳಿಯದೆ ಕೆಳಗಿಳಿದು
ಮುನೀಮ ಚಂದ್ರಶಾನನ್ನು ಕೇಳಿದೆ.
ಮೂವತ್ತೊಂದು ವರ್ಷ ಕೆಂಪು ಬಟ್ಟೆಯ ಖಾತೆ ಹಿಡಿದ ಕೈ,
ಈಗ ಗೇಟಿನಲ್ಲಿ ಲಾರಿ ನಂಬರು ಬರೆಯುತ್ತದೆ.
"ನೋಡವ್ವಾ, ಸಾವ್ಕಾರ ಕೇಳ್ತಿದ್ದ, ಬಾಕಿ ಯಾರ್ದ್ ಅದ?
ಯಾರ್ದೂ ಇಲ್ರಿ ಅಂತಿದ್ದೆ.
ಒಂದಿನ ಅಂವ ಅಂದ,
ಇಲ್ಲೇ ಇಲ್ಲೊ, ನಿನ್ನ ಬುಕ್ಕದಾಗ ಇಲ್ಲೊ?
ಅವತ್ತಿನಿಂದ ಎರಡೂ ಬ್ಯಾರೆ ಬ್ಯಾರೆ ಹೇಳ್ಲಾಕ ಕಲ್ತೀನಿ."
ಹತ್ತಿ ಬಂದು ಬರೆದೆ:
ಖಾಲಿ ಬಂದರೆ ತಪ್ಪಲ್ಲ.
ಇಲ್ಲ ಅನ್ನುವ ಮುಂಚೆ ಜರಡಿಯ ಕಣ್ಣು ಎಷ್ಟಿದೆ ನೋಡಿಕೊ.

ಆಮೇಲೆ ಉದಾಹರಣೆ ಬೇಕಾಯಿತು.
ನಮ್ಮ ಮಿಲ್ಲಿನದೇ ಲೆಕ್ಕ ಹಾಕಿ ಏಜೆಂಟನ್ನು ಕೇಳಿದೆ,
ಫೆಬ್ರುವರಿಯಲ್ಲಿ ನಾವು ಯಾರ್ಯಾರಿಗೆ ಕೊಟ್ಟೆವು?
ಟೆಂಪೋ ಡ್ರೈವರ್ ಬಂದ.
ಎಲೆಕ್ಟ್ರಿಷಿಯನ್ ಬಂದ.
ಗೋಣಿಚೀಲದವನು, ಬ್ಯಾಂಕಿನ ಬಡ್ಡಿ, ಕರೆಂಟು.
ಇಷ್ಟೇ, ಅಂತ ಅದು ಬಲು ವಿನಯದಿಂದ ಮುಗಿಸಿತು.

ಲಾಲಬೀ ಬರಲಿಲ್ಲ.
ಜರಡಿಯ ಅಡಿಗೆ ಕಸ ಹೊಡೆಯುವ ಲಾಲಬೀ,
ದಿನಾ ಸಂಜೆ ಸೊಸೆಯ ಫೋನಿಗೆ
ಮುನ್ನೂರ ನಲವತ್ತು ಬೀಳುವ ಲಾಲಬೀ.
ಇಪ್ಪತ್ನಾಲ್ಕು ದಿನ, ನಾನೇ ಕೂಡಿಸಿದೆ,
ಎಂಟು ಸಾವಿರದ ನೂರ ಅರವತ್ತು.
ಎಲೆಕ್ಟ್ರಿಷಿಯನ್ ತಗೊಂಡದ್ದು ಆರು.

ಹುಡುಕಿದರೆ ಎಲ್ಲಕ್ಕಿಂತ ಕೆಳಗೆ, ಯಾರೂ ಓದದ ಸಾಲಲ್ಲಿ,
ಕನಿಷ್ಠ ಮೊತ್ತ: ಹೇಳದಿದ್ದರೆ ಐನೂರು.

ಫೋನು ಮಾಡಿದೆ.
"ಸಣ್ಣ ಸಣ್ಣವು ಬರೇ ಗದ್ದಲ," ಅಂದ ವೈಜನಾಥ,
"ಏಜೆಂಟಿನ ತಲಿ ಕೆಡ್ತದ."
ಅದಕ್ಕ ತಲಿ ಎಲ್ಲದ, ಅಂದೆ.
ನಕ್ಕ. ಮುಂದಿನ ಆವೃತ್ತಿಯಲ್ಲಿ ನೋಡೋಣ, ಅಂದ.

ಕೆಳಗೆ ಜರಡಿ ಅಲುಗುತ್ತಿತ್ತು.
ಒಡೆದು ಬಿದ್ದ ನುಚ್ಚಿಗೂ ಅಲ್ಲಿ ಬೇರೆ ಚೀಲ,
ಬೇರೆ ತೂಕ, ಬೇರೆ ರೇಟು.

ನಾನು ಸಲಕರಣೆ ಬದಲಿಸಲಾರೆ, ಬರೆಯಬಲ್ಲೆ.
ಕೆಳಗಿನ ಸಾಲನ್ನು ಎಲ್ಲಕ್ಕಿಂತ ಮೇಲೆ ತಂದೆ:
ಗಮನಿಸಿ. ಈ ಮೊತ್ತ ಸೊನ್ನೆ ಎಂದು ಹೇಳಿಯೇ ಕೇಳಿ.
ಐನೂರಕ್ಕಿಂತ ಕೆಳಗೂ ಇದ್ದಾರೆ.

ತಿದ್ದುಪಡಿ ಬಂತು, ಮರುದಿನ:
ಇದ್ದಾರೆ ತಪ್ಪು, ಇವೆ ಆಗಬೇಕು.
ವ್ಯವಹಾರ ನಪುಂಸಕಲಿಂಗ.
ಸರಿಯೇ. ಸಾಲಿಯಲ್ಲಿ ನಾನೂ ಓದಿದ್ದೇನೆ.
ಇವೆ ಮಾಡಿದೆ. ಸ್ವಲ್ಪ ಹೊತ್ತು ನೋಡಿದೆ.
ಮತ್ತೆ ಇದ್ದಾರೆ ಮಾಡಿ ಉಳಿಸಿದೆ.

"ಕಾಲು ತಗಿಯವ್ವಾ," ಅಂತು ದನಿ.
ಕುರ್ಚಿಯ ಮೇಲೆ ಎರಡೂ ಕಾಲು ಎತ್ತಿಕೊಂಡೆ.
ಕಸಬರಿಗೆ ಅಡಿಗೆ ಹೋಗಿ,
ಗೋಡೆಯ ತನಕ ಹೋಗಿ, ಹಳದಿಯಾಗಿ ಹಿಂದೆ ಬಂತು.