ತಳದ ತೂತು

ಗೂಡಿನ ಮಾರುಕಟ್ಟೆ ಹಿಂದೆ
ಅಮೀರ್‌ಜಾನಣ್ಣ ಚೀಲ ಹೊಲಿಯುತ್ತಾರೆ,
ಸೊಪ್ಪಿಗೆ, ಗೂಡಿಗೆ, ಮದುವೆ ಪಾತ್ರೆಗೆ.
ಟೇಪು ಹಿಡಿದು ಕೇಳಿದರು: ಇದರೊಳಗೆ ಏನು ಹೋಗುತ್ತೆ?

ಕಾಲಿಗೆ ಹಾಕುವ ರೆಕ್ಕೆ, ಎರಡು. ಉದ್ದ ಅದರದ್ದೇ ಲೆಕ್ಕ.
ರಬ್ಬರ್ ಅಂಗಿ. ಗಾಜಿನ ಮುಖವಾಡ, ಅದಕ್ಕೆ ಮೆತ್ತನೆ ಜೇಬು.
ಉಸಿರಾಡುವ ಕೊಳವೆ; ಮಡಿಸಬಾರದು, ಸುತ್ತಬೇಕು.
"ಉಸಿರನ್ನೂ ಹೊತ್ಕೊಂಡು ಹೋಗ್ತೀಯೇನಮ್ಮ?"
ಇಲ್ಲ, ಸಿಲಿಂಡರು ಮುರುಡೇಶ್ವರದಲ್ಲೇ ಬಾಡಿಗೆಗೆ ಸಿಗುತ್ತೆ.

ಗಾಲಿ ಬೇಡವೆಂದರು. ಶಿಡ್ಲಘಟ್ಟದ ಜಲ್ಲಿಗೆ
ಎರಡು ದಿನ ಬಾಳಲ್ಲ, ಹೆಗಲಿಗೆ ಅಗಲ ಪಟ್ಟಿಯಿರಲಿ.
ಪಕ್ಕಕ್ಕೆ ಗೂಡಿನ ಜಾಲರಿಯನ್ನೇ ಹಾಕಿದರು:
ಹುಳ ಉಸಿರಾಡಿದ ಬಟ್ಟೆ, ಒದ್ದೆ ಅಂಗಿಗೂ ಆದೀತು.

ತಳದಲ್ಲೊಂದು ತೂತು ಬೇಕು, ಎಂದೆ.
ಮಿಷನ್ ನಿಂತಿತು.
"ನಲವತ್ತು ವರ್ಷ ತೂತು ಮುಚ್ಚಿ ಅನ್ನ ತಿಂದಿದ್ದೀನಿ."
ನೀರು ಇಳಿಯಬೇಕಣ್ಣ.
"ಯಾವ ನೀರು?"
ಬೀದಿಯಲ್ಲಿ ಟ್ಯಾಂಕರು ಹೋಗುತ್ತಿತ್ತು.

ಹಿತ್ತಾಳೆ ಕಣ್ಣೊಂದನ್ನು ಬಡಿದು ಕೂರಿಸಿದರು, ಮುನಿಸಿನಲ್ಲೇ.

ಮಾಗಿಯಲ್ಲಿ ಜಿಪ್ಪು ಕಚ್ಚಿಕೊಂಡಿತೆಂದು ಒಯ್ದೆ.
ಬೆರಳಾಡಿಸಿದರು. ಬಿಳಿ ಪುಡಿ.
ನಾಲಗೆಗೆ ಇಟ್ಟುಕೊಂಡರು.
ಆಮೇಲೆ ಚೀಲ ಬೋರಲು ಹಾಕಿ
ಆ ಹಿತ್ತಾಳೆ ಕಣ್ಣಿಗೆ ತಮ್ಮ ಕಣ್ಣಿಟ್ಟು
ಬಹಳ ಹೊತ್ತು ಒಳಗೆ ನೋಡಿದರು.

"ಮೂವತ್ತು ರೂಪಾಯಿ," ಎಂದರು.