ಸ್ಟ್ಯಾನಿಫರ್ತರು ಮುದ್ರೆ ನೋಡಿದ್ದು

ಶೆಫೀಲ್ಡಿನ ನಮ್ಮ ಮ್ಯೂಸಿಯಂಗೆ ಗುರುವಾರ ರಜೆ.
ಸೆಲ್ವಿನ್ ಸ್ಟ್ಯಾನಿಫರ್ತ್ ಬಂದದ್ದು ಗುರುವಾರವೇ,
ಹಿತ್ತಲ ಬಾಗಿಲಿಂದ, ಒದ್ದೆ ಟೋಪಿ ಹಿಂಡುತ್ತ:
‘ಜಪಾನಿನದೊಂದು ಅಚ್ಚು ಇದೆಯಂತಲ್ಲ, ನೋಡಬಹುದೆ?’

ಚಮಚದ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ
ಉಕ್ಕಿನ ಅಚ್ಚಿಗೆ ಅಕ್ಷರ ಕೊರೆದವರು,
ಎಲ್ಲವೂ ತಿರುವುಮುರುವು.
‘ಹೆಂಡತಿಗೆ ಚೀಟಿ ಬರೆದರೂ
ನನ್ನ ಎಸ್ ಹಿಂದುಮುಂದಾಗುತ್ತಿತ್ತು’ ಎಂದು ನಕ್ಕರು.

ಹನ್ನೊಂದನೆಯ ಖಾನೆ ಎಳೆದೆ.
ಬೂದು ಸ್ಪಂಜಿನ ಗೂಡಲ್ಲಿ
ಬೆಂಕಿಪೊಟ್ಟಣದಗಲ ಕಂಚು,
ಬೆನ್ನ ಮೇಲೊಂದು ಹಿಡಿ, ಹಿಡಿಯಲ್ಲೊಂದು ತೂತು;
ದಾರ ಎಂದೋ ಮಣ್ಣಾಯಿತು.
ಸಾವಿರದ ಇನ್ನೂರು ವರ್ಷ ಎನ್ನುತ್ತದೆ ಚೀಟಿ.
ನಾಲ್ಕರಲ್ಲಿ ಎರಡಕ್ಷರ ಕಿಲುಬು ತಿಂದಿದೆ.
ಉಳಿದದ್ದು ‘ವಿಹಾರ’, ಉಳಿದದ್ದು ‘ಮುದ್ರೆ’.
ಯಾವ ವಿಹಾರ? ತಿಂದ ಕಿಲುಬನ್ನೇ ಕೇಳಬೇಕು.

ಅವರಿಗೆ ಆ ಲಿಪಿ ಬಾರದು. ನನಗೂ ಅಷ್ಟಕ್ಕಷ್ಟೆ.
ಕೈಗವಸು ತೊಟ್ಟು, ಕಣ್ಣಿಗೆ ಭೂತಗನ್ನಡಿ ಹಚ್ಚಿ,
ಉಸಿರು ಬಿಗಿಹಿಡಿದು ಬಾಗಿದರು;
ಆಮೇಲೆ ಸಂಬಂಧಿಕನ ಸುದ್ದಿ ಹೇಳುವ ಹಾಗೆ:
‘ಇವನು ಕೊರೆದದ್ದು ಮೇಣದಲ್ಲಿ, ಕಂಚಿನಲ್ಲಲ್ಲ;
ಗೀಟು ತಿರುಗುವಲ್ಲಿ ನೋಡಿ, ಬೆಣ್ಣೆಯಂಥ ಹೊರಳು.
ಇಲ್ಲಿ ಕೈ ಸೋತಿದೆ.
ಇಲ್ಲಿ ಯಾರೋ ಕರೆದಿದ್ದಾರೆ, ತಲೆಯೆತ್ತಿದ್ದಾನೆ.
ಈ ಮೂಲೆಗೆ ಎರಕ ತಲುಪಿಲ್ಲ,
ಅರದಿಂದ ತೀಡಿ ಮುಚ್ಚಿಟ್ಟಿದ್ದಾನೆ, ಕಳ್ಳ!’

‘ಇದನ್ನೊತ್ತಿದ ಕಾಗದಗಳೆಲ್ಲಿ?’
ಒಂದೂ ಉಳಿದಿಲ್ಲ ಎಂದೆ.
ಅಕ್ಕಿಯ ಲೆಕ್ಕ, ಗದ್ದೆಯ ಪತ್ರ,
ಕುಂಕುಮಗೆಂಪು ಚೌಕಗಳು,
ಯಾವ ಬೆಂಕಿಗೋ, ಯಾವ ಇಲಿಗೋ.

ಬಹಳ ಹೊತ್ತು ಸುಮ್ಮನಿದ್ದರು.
‘ನನ್ನದು ಇದರ ಉಲ್ಟಾ.
ಅಚ್ಚುಗಳೆಲ್ಲ ಗುಜರಿಗೆ ಹೋದವು, ಟನ್ನಿಗೆ ಇಷ್ಟೆಂದು.
ಗುರುತು ಮಾತ್ರ ಊರ ಅಡುಗೆಮನೆಗಳಲ್ಲೆಲ್ಲ
ಚಮಚದ ಬೆನ್ನಿಗಿದೆ,
ಸೂಪಿನಲ್ಲಿ ಮುಳುಗೇಳುತ್ತ.’

ಹೋಗುವಾಗ ಪುಸ್ತಕದಲ್ಲಿ ರುಜು ಹಾಕಿದರು.
ಎಸ್ ಸರಿಯಾಗೇ ಇತ್ತು. ಎರಡು ಸಲ ನೋಡಿದೆ.

ರಾತ್ರಿ, ಮೊಸರನ್ನ ಮುಗಿಸಿ,
ಚಮಚ ತೊಳೆದು ದೀಪದ ಕೆಳಗೆ ಬೋರಲು ಹಿಡಿದೆ.
ಬೇರೆ ಯಾವುದೋ ಹೆಸರು, ಬೇರೆ ಯಾವುದೋ ದೇಶ.
ಆದರೂ ಹೆಬ್ಬೆರಳಿಟ್ಟು ತುಸು ಹೊತ್ತು ಒತ್ತಿದೆ.
ಚರ್ಮದ ಮೇಲೆ ಅಕ್ಷರಗಳು
ಹಿಂದುಮುಂದಾಗಿ ಮೂಡಿ,
ಕೆಂಪಾಗಿ,
ಮಾಯವಾದವು.