ಜೋಡಿ ಗೂಡು

ಚಿಂತಾಮಣಿಯ ಪಾಲಿಹೌಸಿನಲ್ಲಿ
ನೇರಳೆ ಬರಬೇಕಿದ್ದ ಪೆಟೂನಿಯ
ಬೆಳ್ಳಗೆ ಅರಳಿ ನಿಂತಿದೆ,
ಸುಣ್ಣ ಬಳಿದ ಗೋಡೆಯ ಹಾಗೆ, ಏನೂ ಗೊತ್ತಿಲ್ಲದ ಹಾಗೆ.

ಬಣ್ಣದ ಜೀನು ಅದರಲ್ಲಿ ಮೊದಲೇ ಇತ್ತು.
ಇನ್ನೂ ಗಾಢವಾಗಲೆಂದು
ಅದನ್ನೇ ಇನ್ನೊಂದು ಸಲ ಸೇರಿಸಿದೆವು.
ಗಿಡ ಎರಡರ ಬಾಯನ್ನೂ ಮುಚ್ಚಿಸಿತು.
"ಕಳೆದುಹೋಗಿದೆ ಅಂತ ಬರೀಬೇಡ ನುಸ್ರತ್,"
ಅಂದರು ವನಜಾಕ್ಷಿ ಮೇಡಂ,
"ಸುಮ್ಮನಿದೆ ಅಂತ ಬರಿ."

ಬರೆದೆ. ಸಂಜೆ ಬಸ್ಸಿಗೆ ಶಿಡ್ಲಘಟ್ಟ.

ನಮ್ಮ ಓಣಿಗೆ ಮೂಗೇ ದಾರಿ ತೋರಿಸುತ್ತದೆ:
ಬೆಂದ ಹುಳುವಿನ ವಾಸನೆ, ಹಬೆ,
ಕಿರ್ರೆನ್ನುವ ರಾಟೆ.
ಅಮ್ಮಿ ಬಿಸಿನೀರಿಗೆ ಕೈಹಾಕಿ
ಗೂಡುಗಳ ಎಳೆತುದಿ ಹುಡುಕುತ್ತಿದ್ದಾಳೆ.
ಬೆಂದು ಬೆಂದು ನುಣುಪಾದ ಬೆರಳು;
ರೇಷನ್ ಅಂಗಡಿಯ ಯಂತ್ರ
ಅವಳ ಗುರುತು ಹಿಡಿಯುವುದಿಲ್ಲ.

ಹೇಳಿದೆ: ಕಣ್ಣಿಗೆ ಕಾಣದ ಕೋಶದೊಳಗೆ
ನಿನ್ನ ರೇಷ್ಮೆಗಿಂತ ತೆಳ್ಳನೆಯ ದಾರವಿದೆ ಅಮ್ಮಿ.
ಪುಟಾಣಿ ಉಂಡೆಗಳಿಗೆ ಅದನ್ನು ಸುತ್ತಿ,
ಒಂದೊಂದಕ್ಕೂ ಎರಡು ಸುತ್ತಿಗೆ ಚೂರು ಕಮ್ಮಿ,
ಸುತ್ತಿದ್ದನ್ನೇ ಮತ್ತೆ ಸುತ್ತಿ ಇಟ್ಟಿದೆ ಗಿಡ.
ಸಡಿಲವಿದ್ದಲ್ಲಿ ಓದಿಕೊಳ್ಳುತ್ತದೆ.
ಗುರುತು ಹಾಕಿ ಬಿಗಿದಲ್ಲಿ
ತನ್ನದೇ ಅಕ್ಷರ ತನಗೇ ಓದಲಾಗದು.

"ಯಾರು ಬಿಗೀತಾರೆ?"
ಗಿಡವೇ.
"ಯಾಕೆ?"
ಒಂದೇ ಮಾತು ಎರಡು ಬಾಯಲ್ಲಿ ಬಂದರೆ
ಅದಕ್ಕೆ ಅನುಮಾನ. ಹೊರಗಿನವರು ಯಾರೋ
ಒಳಗೆ ನುಗ್ಗಿದ್ದಾರೆ ಅಂದುಕೊಂಡು
ಮನೆಯವರನ್ನೂ ಸೇರಿಸಿ ಸುಮ್ಮನಾಗಿಸುತ್ತದೆ.

ಅಮ್ಮಿ ನಕ್ಕಳು. ಮೂಲೆಯ ಪುಟ್ಟಿಯಿಂದ
ದಪ್ಪ ಗೂಡೊಂದನ್ನು ಆರಿಸಿ ಅಂಗೈಗಿಟ್ಟಳು.
ಜೋಡಿ ಗೂಡು.
ಎರಡು ಹುಳು ಒಂದೇ ಜಾಗದಲ್ಲಿ ನೂತ ಮನೆ,
ಎಳೆಗೆ ಎಳೆ ಸಿಕ್ಕು. ರಾಟೆಗೆ ಏರದು.
"ಮಾರ್ಕೆಟ್ಟಲ್ಲಿ ಇದಕ್ಕೆ ಅರ್ಧ ರೇಟೂ ಇಲ್ಲ.
ಆದ್ರೆ ತೂಗಿ ನೋಡು,
ರೇಷ್ಮೆ ಇದರಲ್ಲೇ ಜಾಸ್ತಿ."

ಇವತ್ತು ಬೆಳಿಗ್ಗೆ ಹದಿನೇಳನೇ ಕುಂಡದಲ್ಲಿ
ಒಂದು ಕೊಂಬೆ, ಅದರಲ್ಲಿ ಒಂದು ಹೂವು,
ಅದರ ಒಂದೇ ಎಸಳ ಅಂಚಿಗೆ
ನೇರಳೆ ಗೆರೆ.
ಯಾರೂ ಏನೂ ಮಾಡಿರಲಿಲ್ಲ.
ನೀರು ಹಾಕಿದ್ದೆ, ಅಷ್ಟೆ.

ಮೇಡಂ ಇನ್ನೂ ಬಂದಿಲ್ಲ.
ದಿನಾಂಕ ಬರೆದೆ, ಕುಂಡದ ನಂಬರು ಬರೆದೆ.
"ಸುಮ್ಮನಿದೆ" ಎಂಬುದರ ಮುಂದೆ
ಪೆನ್ನು ನಿಂತಿತು.

ಅಮ್ಮಿ ಕೊಟ್ಟ ಜೋಡಿ ಗೂಡು
ಕೋಟಿನ ಜೇಬಿನಲ್ಲೇ ಇದೆ.
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ
ಒಳಗೆ ಎರಡು ಸದ್ದು.